ನುಗ್ಗೇಹಳ್ಳಿಯ ಸಾಲಿನಲ್ಲಿ ಇಲ್ಲದ ರಥ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನಿಗೂ ನಲವತ್ತು ದಾಟಿದೆ. ಕಿವಿಯ ಬಳಿ ಕೂದಲು ನರೆತಿದೆ. ಕೈಯಲ್ಲಿ ಬೂಟಿನ ರಟ್ಟಿನ ಡಬ್ಬ. ಅದನ್ನು ಮೇಜಿನ ಮೇಲಿಟ್ಟು, ಹತ್ತಿಯನ್ನು ಎಚ್ಚರದಿಂದ ಸರಿಸಿ ಅವನು ಹೊರತೆಗೆದದ್ದು ಒಂದು ಯುದ್ಧ ಟ್ಯಾಂಕು. ಫಿರಂಗಿಯ ಕೊಳವೆಯೂ ಸೇರಿ ಗೇಣಿಗಿಂತ ತುಸು ಹೆಚ್ಚಿನ ಉದ್ದ. ಮಕ್ಕಳ ಆಟಿಕೆಯಲ್ಲ, ನಿಜವಾದ ಟ್ಯಾಂಕಿನ ಅಳತೆಗಳನ್ನು 35ರಿಂದ ಭಾಗಿಸಿ ಮಾಡಿದ ಪ್ರಮಾಣಬದ್ಧ ಮಾದರಿ.

"ಸಾರ್, ಇದು ಟಿ-55. ನುಗ್ಗೇಹಳ್ಳಿಯ ಪ್ರವಾಸ ನೆನಪಿದೆಯೇ?" ಎಂದ.

ನೆನಪಿರದೆ ಏನು? ಆ ಪ್ರವಾಸದಲ್ಲಿ ಅವನು ಕೇಳಿದ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಅದು ತಪ್ಪೆಂದು ನನಗೆ ಮನವರಿಕೆಯಾದ ಮೇಲೂ ಅವನಿಗೆ ಹೇಳುವ ಸಂದರ್ಭ ಬಂದಿರಲಿಲ್ಲ, ಅಥವಾ ನಾನು ಆ ಸಂದರ್ಭವನ್ನು ಹುಡುಕಿರಲಿಲ್ಲ. ಆ ಪ್ರಶ್ನೆ ಯುದ್ಧದ ವಾಹನವೊಂದನ್ನು ಚಿಕ್ಕದಾಗಿ ಮಾಡಿ ತೋರಿಸುವ ಕಲೆಗೆ ಸಂಬಂಧಿಸಿದ್ದು. ಆದ್ದರಿಂದ ಇಂದಿನ ಬರಹದಲ್ಲಿ ನಮ್ಮ ಸೀಮೆಯ ಶಿಲ್ಪಿಗಳನ್ನೂ ಈ ಪುಟ್ಟ ಟ್ಯಾಂಕನ್ನೂ ಒಟ್ಟಿಗೆ ನೋಡೋಣವೆಂದಿದ್ದೇನೆ.

ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ಹಾದಿಯಲ್ಲಿ ಸಿಗುವ ನುಗ್ಗೇಹಳ್ಳಿಗೆ ಹಿಂದೆ ವಿಜಯ ಸೋಮನಾಥಪುರ ಎಂಬ ಹೆಸರಿತ್ತು. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ ಅವನ ಸೇನಾನಿ ಬೊಮ್ಮಣ್ಣ ದಂಡನಾಯಕನು ಇಲ್ಲಿಯ ಅಗ್ರಹಾರವನ್ನು ಪ್ರವರ್ಧಮಾನಕ್ಕೆ ತಂದನು. ಕ್ರಿ.ಶ. 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನೂ 1249ರಲ್ಲಿ ಸದಾಶಿವ ದೇವಾಲಯವನ್ನೂ ಕಟ್ಟಿಸಿದವನು ಅವನೇ. ಲಕ್ಷ್ಮೀನರಸಿಂಹ ದೇವಾಲಯ ತ್ರಿಕೂಟ. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹರ ಮೂರು ಗರ್ಭಗೃಹಗಳು. ಹೊರಗೋಡೆಯ ಮೂರ್ತಿಗಳ ಅಡಿಯಲ್ಲಿ ಶಿಲ್ಪಿಗಳ ಹೆಸರುಗಳಿವೆ. ದಕ್ಷಿಣದ ಬಹುಪಾಲು ಕೆಲಸ ನಂದಿಯ ಬೈಚೋಜನದು. ಉತ್ತರದ ಬಹುಪಾಲು ಕೆಲಸ ಮಲ್ಲಿತಮ್ಮನದು. ಮಲ್ಲಿತಮ್ಮನ ಹೆಸರನ್ನು ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಓದಬಹುದು.

ಗಮನಿಸಬೇಕಾದ ಸಂಗತಿಯೆಂದರೆ ಈ ಗುಡಿಯನ್ನು ಕಟ್ಟಿಸಿದವನು ವರ್ತಕನೂ ಅಲ್ಲ, ಪುರೋಹಿತನೂ ಅಲ್ಲ, ದಂಡನಾಯಕ. ಸೈನ್ಯ ಎಂದರೇನು, ಅದು ಹೇಗೆ ಸಾಗುತ್ತದೆ, ಅದರ ಪ್ರಾಣಿಗಳಿಗೆ ಏನು ತೊಡಿಸುತ್ತಾರೆ ಎಂಬುದನ್ನು ಕಣ್ಣಾರೆ ಕಂಡವನು.

ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಒಂದು ಡಿಸೆಂಬರ್ ಬೆಳಿಗ್ಗೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಗುಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಮುಂದೆ ಹಳೇಬೀಡು, ಬೇಲೂರು. ಗುಡಿಯ ಅಧಿಷ್ಠಾನದ ಮೇಲೆ ಆರು ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಕುದುರೆ ಸವಾರರು, ಬಳಿಕ ಲತೆ, ಅದರ ಮೇಲೆ ಪುರಾಣ ಮತ್ತು ಮಹಾಕಾವ್ಯಗಳ ಕಥೆ, ಅನಂತರ ಮಕರ, ಕೊನೆಗೆ ಹಂಸ. ನಾನು ಎಂದಿನ ಉತ್ಸಾಹದಿಂದ ಪಾಠ ಆರಂಭಿಸಿದೆ. "ಹೊಯ್ಸಳರ ಸೈನ್ಯ ಚತುರಂಗ ಬಲ. ರಥ, ಗಜ, ತುರಗ, ಪದಾತಿ. ಎಲ್ಲವೂ ಈ ಗೋಡೆಯ ಮೇಲಿದೆ ನೋಡಿ."

ಹಿಂದಿನ ಸಾಲಿನಲ್ಲಿ ನಿಂತಿದ್ದ ಹುಡುಗ ಗುಡಿಯನ್ನು ಒಂದು ಸುತ್ತು ಹಾಕಿ ಬಂದ. "ಸಾರ್, ಆನೆಯ ಸಾಲಿದೆ, ಕುದುರೆಯ ಸಾಲಿದೆ. ರಥದ ಸಾಲು ಎಲ್ಲಿದೆ?" ಎಂದ.

ನಾನು, "ಹಳೇಬೀಡಿನಲ್ಲಿ ತೋರಿಸುತ್ತೇನೆ, ಬಾ" ಎಂದೆ. ಅಂದು ಮಧ್ಯಾಹ್ನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಮಹಾಭಾರತದ ಯುದ್ಧದ ದೃಶ್ಯಗಳ ಮುಂದೆ ಅವನನ್ನು ನಿಲ್ಲಿಸಿ, ರಥಗಳ ಮೇಲೆ ನಿಂತು ಬಿಲ್ಲು ಸೆಳೆಯುತ್ತಿರುವ ವೀರರನ್ನು ಗೆಲುವಿನಿಂದ ತೋರಿಸಿದೆ. ಹುಡುಗ ಸ್ವಲ್ಪ ಹೊತ್ತು ನೋಡಿ, "ಇದು ಕಥೆಯ ರಥವಲ್ಲವೇ ಸಾರ್? ಹೊಯ್ಸಳರದು ಎಲ್ಲಿ?" ಎಂದ. ಉಳಿದ ಮಕ್ಕಳು ನಕ್ಕರು. ನನಗೆ ಸಿಟ್ಟು ಬಂತು. ಅಧಿಕಪ್ರಸಂಗ ಬೇಡವೆಂದು ಎಲ್ಲರ ಎದುರು ಗದರಿಸಿದೆ. ಅಷ್ಟೇ ಅಲ್ಲ, ಮುಂದಿನ ಕಿರುಪರೀಕ್ಷೆಯಲ್ಲಿ ಅವನು ಹೊಯ್ಸಳ ಸೈನ್ಯದ ಅಂಗಗಳು ಮೂರು ಎಂದು ಬರೆದಿದ್ದನ್ನು ನೋಡಿ ಒಂದು ಅಂಕ ಕಳೆದೆ.

ಹುಡುಗ ಸರಿಯಾಗಿಯೇ ಬರೆದಿದ್ದ. ಅದನ್ನು ತಿಳಿಯಲು ನನಗೆ ಹಲವು ವರ್ಷಗಳು ಬೇಕಾದವು.

ರಥ ನಮ್ಮ ದೇಶದಲ್ಲಿ ಬಹಳ ಹಳೆಯ ಯುದ್ಧ ವಾಹನ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಥಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ದೇವರಥ, ಪುಷ್ಯರಥ, ಸಾಂಗ್ರಾಮಿಕ ಮುಂತಾಗಿ ರಥಗಳ ಬಗೆಗಳನ್ನೂ ಅಲ್ಲಿ ಹೆಸರಿಸಿದೆ. ಆದರೆ ಆ ವಾಹನದ ದೌರ್ಬಲ್ಯವೂ ಬೇಗನೆ ಬಯಲಾಯಿತು. ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರನು ಝೇಲಂ ನದಿಯನ್ನು ದಾಟಿದಾಗ ಪೌರವನ ಮಗ ತಂದಿದ್ದ ರಥಗಳು ಮಳೆಯ ಕೆಸರಿನಲ್ಲಿ ಸಿಕ್ಕಿಕೊಂಡು ನಿರುಪಯೋಗಿಯಾದುವೆಂದು ಗ್ರೀಕ್ ಇತಿಹಾಸಕಾರ ಅರಿಯನ್ ಬರೆದಿದ್ದಾನೆ. ಇಬ್ಬರು ಮೂವರನ್ನು ಹೊರಲು ಹಲವು ಕುದುರೆಗಳು. ಸಮತಟ್ಟಾದ, ಒಣಗಿದ ನೆಲವೇ ಬೇಕು. ಅಚ್ಚು ಮುರಿದರೆ ಆಟ ಮುಗಿಯಿತು. ಅದೇ ಕುದುರೆಗಳ ಬೆನ್ನ ಮೇಲೆ ಒಬ್ಬೊಬ್ಬ ಸವಾರನನ್ನು ಕೂರಿಸಿದರೆ ಹಳ್ಳವನ್ನೂ ದಿಣ್ಣೆಯನ್ನೂ ದಾಟಬಹುದು. ಕ್ರಿ.ಶ. ಏಳನೆಯ ಶತಮಾನದ ಹೊತ್ತಿಗೆ ಭಾರತದ ಸೈನ್ಯಗಳಿಂದ ರಥ ಬಹುತೇಕ ಮರೆಯಾಗಿತ್ತು. ಬೊಮ್ಮಣ್ಣ ದಂಡನಾಯಕ ನುಗ್ಗೇಹಳ್ಳಿಯಲ್ಲಿ ಗುಡಿ ಕಟ್ಟಿಸುವಾಗ ಅದು ಯುದ್ಧಭೂಮಿಯನ್ನು ಬಿಟ್ಟು ಐದಾರು ಶತಮಾನಗಳೇ ಕಳೆದಿದ್ದವು.

ಹೊಯ್ಸಳರ ನಾಡಿನಲ್ಲಂತೂ ಒಳ್ಳೆಯ ಕುದುರೆಗಳು ಕಡಲಾಚೆಯ ಅರಬ್ ದೇಶಗಳಿಂದ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರಬೇಕಿತ್ತು. ಅಂಥ ಬೆಲೆಬಾಳುವ ಪ್ರಾಣಿಗಳನ್ನು ನಾಲ್ಕು ನಾಲ್ಕಾಗಿ ಒಂದು ಬಂಡಿಗೆ ಕಟ್ಟಿ ಮಲೆನಾಡಿನ ಇಳಿಜಾರಿನಲ್ಲಿ ಓಡಿಸುವ ದಂಡನಾಯಕನನ್ನು ಊಹಿಸಿಕೊಳ್ಳುವುದು ಕಷ್ಟ. ಆದರೂ "ಚತುರಂಗ ಬಲ" ಎಂಬ ಮಾತು ಮಾತ್ರ ಉಳಿಯಿತು. ಕವಿಗಳು ರೂಢಿಯಿಂದ ಬಳಸಿದರು. ಪಾಠ ಹೇಳುವ ನನ್ನಂಥವರು ಅದನ್ನೇ ನಿಜವೆಂದು ನಂಬಿದೆವು. ನಾವು ಹುಡುಗರಾಗಿದ್ದಾಗ ಆಡುತ್ತಿದ್ದ ಚದುರಂಗದ ಮಣೆಯಲ್ಲಿಯೂ ಆನೆ, ಕುದುರೆ, ಒಂಟೆಗಳಿದ್ದವು, ರಥವಿರಲಿಲ್ಲ. ಅದನ್ನಾದರೂ ನಾನು ಗಮನಿಸಬಹುದಿತ್ತು.

ಈಗ ನುಗ್ಗೇಹಳ್ಳಿಯ ಗೋಡೆಗೆ ಮರಳೋಣ. ಕಥೆಯ ಪಟ್ಟಿಕೆಯನ್ನು ಬಿಟ್ಟರೆ ಸೈನ್ಯವನ್ನು ನೆನಪಿಸುವ ಸಾಲುಗಳು ಎರಡು, ಆನೆ ಮತ್ತು ಕುದುರೆ. ಹಳೇಬೀಡಿನಲ್ಲಿ ಪಟ್ಟಿಕೆಗಳು ಎಂಟು. ಅಲ್ಲಿಯೂ ಆನೆಯ ಸಾಲುಂಟು, ಸವಾರರ ಸಾಲುಂಟು, ರಥಕ್ಕೆಂದೇ ಮೀಸಲಾದ ಸಾಲಿಲ್ಲ. ರಥ ಕಾಣಿಸುವುದು ಮಹಾಭಾರತದ ಕಥೆಯೊಳಗೆ ಮಾತ್ರ. ಪಟ್ಟಿಕೆಗಳ ಕ್ರಮದಲ್ಲಿ ಸಂಪ್ರದಾಯದ ಪಾಲು, ಸಂಕೇತದ ಪಾಲು ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆನೆ ಬಲಕ್ಕೆ, ಕುದುರೆ ವೇಗಕ್ಕೆ ಎಂದು ಅರ್ಥ ಹೇಳುವವರಿದ್ದಾರೆ. ಆದರೂ ನೂರಾರು ಸವಾರರನ್ನು ಕಡೆದವರಿಗೆ ರಥಗಳ ಸಾಲೊಂದನ್ನು ಕಡೆಯುವುದು ಅಸಾಧ್ಯವೇನೂ ಆಗಿರಲಿಲ್ಲ. ಕಣ್ಣೆದುರು ಸಾಗಿದ್ದನ್ನು ಸಾಲಾಗಿ ಕಡೆದರು, ಕಿವಿಯಲ್ಲಿ ಕೇಳಿದ್ದನ್ನು ಕಥೆಯಾಗಿ ಕಡೆದರು ಎಂಬುದೇ ನನಗೆ ಒಪ್ಪಿಗೆಯಾಗುವ ವಿವರಣೆ.

ಇದಕ್ಕೆ ಪುಷ್ಟಿ ಕೊಡುವುದು ಸೂಕ್ಷ್ಮ ವಿವರಗಳು. ಹೊಯ್ಸಳ ಶಿಲ್ಪದ ಕುದುರೆಗಳನ್ನು ಹತ್ತಿರದಿಂದ ನೋಡಿ. ಕಡಿವಾಣ, ಎದೆಪಟ್ಟಿ, ಜೀನು, ಸವಾರನ ಕಾಲಿಗೆ ರಿಕಾಬು, ಕೊರಳಲ್ಲಿ ಗೆಜ್ಜೆಯ ಸರ. ಒಂದು ಪಟ್ಟಿ ಎಲ್ಲಿಂದ ಹೊರಟು ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಬೆರಳಿಟ್ಟು ಹಿಂಬಾಲಿಸಬಹುದು. ಇವು ಎಷ್ಟು ಖಚಿತವಾಗಿವೆಯೆಂದರೆ ಫ್ರೆಂಚ್ ವಿದ್ವಾಂಸ ಜೀನ್ ಡೆಲೋಷ್ ಅವರು ಹೊಯ್ಸಳ ಶಿಲ್ಪದಲ್ಲಿ ಕಾಣುವ ಯುದ್ಧ ತಂತ್ರಜ್ಞಾನವನ್ನೇ ವಿಷಯವಾಗಿಟ್ಟುಕೊಂಡು ಪುಸ್ತಕವೊಂದನ್ನು ಬರೆದು 1989ರಲ್ಲಿ ಪ್ರಕಟಿಸಿದರು. ಕಲ್ಲಿನ ಮೇಲಿನ ಒಂದು ಬಕ್ಕಲು ಎಂಟು ನೂರು ವರ್ಷಗಳ ಬಳಿಕ ಇತಿಹಾಸಕ್ಕೆ ಸಾಕ್ಷಿಯಾಗುವುದೆಂದರೆ ಸಾಮಾನ್ಯವೇ?

ಇಷ್ಟು ಸೂಕ್ಷ್ಮವಾಗಿ ಕಡೆಯಲು ಕಲ್ಲೂ ಒದಗಿ ಬಂತು. ನಮ್ಮವರು ಬಳಪದ ಕಲ್ಲು ಎನ್ನುವ ಆ ಶಿಲೆ ಗಣಿಯಿಂದ ತೆಗೆದಾಗ ಮೆದು. ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಗಂಧದ ಮರ, ದಂತಗಳಲ್ಲಿ ಮಾಡುವಂಥ ಕುಸುರಿಯನ್ನು ಅದರಲ್ಲಿ ಮಾಡಬಹುದು. ಆದರೆ ತಪ್ಪಿಗೆ ಅವಕಾಶವಿಲ್ಲ. ಮಣ್ಣಿನಲ್ಲಾದರೆ ಕಳೆದದ್ದನ್ನು ಮತ್ತೆ ಮೆತ್ತಬಹುದು. ಕಲ್ಲಿನಲ್ಲಿ ಒಂದು ಏಟು ಹೆಚ್ಚಾದರೆ ಕುದುರೆಯ ಕಿವಿ ಹೋಯಿತೆಂದೇ ಲೆಕ್ಕ.

ಅವರು ಪ್ರಮಾಣಬದ್ಧ ಮಾದರಿಯನ್ನು ಬಲ್ಲವರಾಗಿದ್ದರು ಎಂಬುದಕ್ಕೂ ನುಗ್ಗೇಹಳ್ಳಿಯಲ್ಲಿಯೇ ಸಾಕ್ಷಿಯಿದೆ. ಗೋಡೆಯ ಮೇಲ್ಭಾಗದಲ್ಲಿ, ಎರಡು ಚಜ್ಜಗಳ ನಡುವೆ, ಅರೆಗಂಬಗಳ ಮೇಲೆ ಪುಟ್ಟ ಪುಟ್ಟ ಶಿಖರಗಳಿವೆ. ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಏರಿ ತುದಿಯಲ್ಲಿ ಕಳಶ ನಿಲ್ಲುವ ಕ್ರಮ ಅಂಗೈಯಗಲದ ಜಾಗದಲ್ಲಿಯೂ ತಪ್ಪಿಲ್ಲ. ಶಿಖರವನ್ನು ಕಟ್ಟಿ ಬಲ್ಲವರು ಅದರ ಕಿರಿದಾದ ರೂಪವನ್ನೂ ತಪ್ಪಿಲ್ಲದೆ ಕಡೆದರು.

ಕಥೆಯ ರಥಗಳಿಗೆ ಬಂದಾಗ ಈ ಖಚಿತತೆ ಸಡಿಲವಾಗುತ್ತದೆ. ವೀರ ದೊಡ್ಡವನು, ಅವನು ನಿಂತ ರಥ ಚಿಕ್ಕದು. ಅವನು ಅದರೊಳಗೆ ಕುಳಿತುಕೊಳ್ಳಲಾರ. ಎಳೆಯುವ ಕುದುರೆಗಳಿಗೆ ಅದರ ಭಾರ ಲೆಕ್ಕಕ್ಕೇ ಇಲ್ಲ. ಅದು ರಥದ ಅಳತೆಯಲ್ಲ, ರಥವೆಂಬ ಗುರುತು. ಇದನ್ನು ಶಿಲ್ಪಿಯ ಅಸಾಮರ್ಥ್ಯವೆಂದು ತಿಳಿಯಬಾರದು. ರಿಕಾಬಿನ ಪಟ್ಟಿಯನ್ನು ಬಿಡದೆ ಕಡೆದವನಿಗೆ ರಥದ ಅಚ್ಚು ಕಡೆಯಲು ಬಾರದೆ? ಕಡೆಯಲು ಮಾದರಿ ಇರಲಿಲ್ಲ, ಅಷ್ಟೆ. ಅವನ ಕಣ್ಣಿಗೆ ಸಿಕ್ಕುತ್ತಿದ್ದುದು ಹೊಲದ ಎತ್ತಿನ ಬಂಡಿ ಮತ್ತು ಜಾತ್ರೆಯ ತೇರು. ಉಳಿದುದನ್ನು ಕಥೆ ಹೇಳುವವರ ಬಾಯಿಂದ ಕೇಳಿ ತುಂಬಿಸಿಕೊಳ್ಳಬೇಕಿತ್ತು. ಮುಂದೆ ಹದಿನಾರನೆಯ ಶತಮಾನದಲ್ಲಿ ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿ ಕಲ್ಲಿನ ರಥ ನಿಂತಾಗಲೂ ಅದು ಯುದ್ಧದ ರಥವಾಗಲಿಲ್ಲ. ತೇರಿನ ರೂಪದಲ್ಲಿ ಕಟ್ಟಿದ ಗರುಡನ ಗುಡಿಯಾಯಿತು. ಅದರ ಮುಂದೆ ಮೊದಲು ಕುದುರೆಗಳಿದ್ದವೆಂಬುದಕ್ಕೆ ಈಗಿನ ಆನೆಗಳ ಹಿಂದೆ ಉಳಿದಿರುವ ಕುದುರೆಗಳ ಹಿಂಗಾಲುಗಳು ಸಾಕ್ಷಿ.

ಹೀಗೆ ನಮ್ಮ ನಾಡಿನಲ್ಲಿ ಯುದ್ಧದ ವಾಹನವನ್ನು ಕಿರಿದಾಗಿಸುವ ಕೆಲಸ ಹಳೆಯದೇ. ಈಗ ನನ್ನ ವಿದ್ಯಾರ್ಥಿ ತಂದ ಟ್ಯಾಂಕಿನ ಮಾತಿಗೆ ಬರುತ್ತೇನೆ.

ಯುದ್ಧದಲ್ಲಿ ಟ್ಯಾಂಕು ಮೊದಲ ಬಾರಿಗೆ ಕಾಣಿಸಿಕೊಂಡದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಕದನದಲ್ಲಿ. ರಥ ಯಾವ ಕೆಸರಿನಲ್ಲಿ ಸೋತಿತೋ ಅದೇ ಕೆಸರನ್ನು ದಾಟಲೆಂದು ಚಕ್ರದ ಸುತ್ತ ಉಕ್ಕಿನ ಪಟ್ಟಿ ತೊಡಿಸಿ ಕವಚ ಹಾಕಿ ಹೊರಟ ವಾಹನವದು. ಸೋವಿಯತ್ ಒಕ್ಕೂಟದಲ್ಲಿ ರೂಪುಗೊಂಡ ಟಿ-55 ಟ್ಯಾಂಕುಗಳನ್ನು 1971ರ ಯುದ್ಧದಲ್ಲಿ ನಮ್ಮ ಸೇನೆಯೂ ಬಳಸಿತು. ಸುಮಾರು 36 ಟನ್ ತೂಕ, ನಾಲ್ಕು ಜನ ಸಿಬ್ಬಂದಿ, 100 ಮಿಲಿಮೀಟರ್ ಫಿರಂಗಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಸನ್ನಿಸೈಡ್ ಮನೆಯನ್ನು ವಸ್ತುಸಂಗ್ರಹಾಲಯವಾಗಿಸಿ 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ಅಲ್ಲಿ ಒಂದು ಟಿ-55 ಟ್ಯಾಂಕನ್ನು ನಿಲ್ಲಿಸಿದ್ದಾರೆ. ನನ್ನ ವಿದ್ಯಾರ್ಥಿ ಅದನ್ನು ನೋಡಲು ಮೂರು ಬಾರಿ ಹೋಗಿದ್ದನಂತೆ.

1:35 ಎಂಬ ಈ ವಿಚಿತ್ರ ಪ್ರಮಾಣಕ್ಕೂ ಒಂದು ಕಥೆಯಿದೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಸಂಸ್ಥೆ ಮೋಟರಿನಿಂದ ಓಡುವ ಟ್ಯಾಂಕಿನ ಮಾದರಿಯೊಂದನ್ನು ತಂದಿತು. ಒಳಗೆ ಬ್ಯಾಟರಿಗಳು ಹಿಡಿಸಬೇಕಿತ್ತು. ಹಿಡಿಸುವಂತೆ ಗಾತ್ರ ನಿಗದಿ ಮಾಡಿದಾಗ ಅದು ಮೂಲದ 35ನೆಯ ಒಂದು ಭಾಗಕ್ಕೆ ಬಂದು ನಿಂತಿತು. ಲೋಕವೆಲ್ಲ ಅದನ್ನೇ ಅನುಸರಿಸಿತು. ಈ ಪ್ರಮಾಣದಲ್ಲಿ ಟಿ-55ರ 6.45 ಮೀಟರ್ ಉದ್ದದ ಒಡಲು ಹದಿನೆಂಟೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಫಿರಂಗಿಯ ಬಾಯಿ ಮೂರು ಮಿಲಿಮೀಟರಿಗಿಂತ ಕಿರಿದು. ನಿಜದಲ್ಲಿ ಒಂದು ಸೆಂಟಿಮೀಟರ್ ದಪ್ಪದ ಕಂಬಿ ಇಲ್ಲಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇರುವುದಿಲ್ಲ.

ತೊಡಕು ಇರುವುದು ಇಲ್ಲಿಯೇ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಭಾಗಗಳನ್ನು ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ. ಅಷ್ಟು ತೆಳುವಾದ ಕಂಬಿ, ತಗಡು, ಕೊಂಡಿಗಳು ಅಚ್ಚಿನಲ್ಲಿ ಸರಿಯಾಗಿ ಮೂಡುವುದಿಲ್ಲ. ಆದ್ದರಿಂದ ಸೈನಿಕರು ಹಿಡಿದು ಹತ್ತುವ ಹಿಡಿಕೆ ಒಂದು ಉಬ್ಬು ಗೆರೆಯಾಗಿ ಉಳಿದುಬಿಡುತ್ತದೆ. ಇದನ್ನು ಸಹಿಸದವರು ಆ ಉಬ್ಬನ್ನು ಕೆರೆದು ತೆಗೆದು, ಆ ಭಾಗವನ್ನು ತಾವೇ ಹೊಸದಾಗಿ ಮಾಡುತ್ತಾರೆ. ಇದಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಎಂದು ಹೆಸರು. ಏನೂ ಇಲ್ಲದಲ್ಲಿಂದ ಕೈಯಾರೆ ಕಟ್ಟುವುದು ಎಂದರ್ಥ.

ಅವನು ಒಂದೊಂದನ್ನೇ ತೋರಿಸಿದ. ಗೋಪುರದ ಹಿಡಿಕೆಗಳು ಹಳೆಯ ದೂರವಾಣಿ ತಂತಿಯೊಳಗಿನ ತಾಮ್ರದ ಎಳೆಯಿಂದ ಆದವು. ಅವೆಲ್ಲ ಸಮವಾಗಿ ಬಾಗಲೆಂದು ಬಿದಿರಿನ ಕಡ್ಡಿಯೊಂದರಲ್ಲಿ ಕಚ್ಚು ಮಾಡಿಕೊಂಡಿದ್ದಾನೆ. ಸಾಮಾನಿನ ಪೆಟ್ಟಿಗೆಗಳ ಪಟ್ಟಿಗಳು ಮಾತ್ರೆಯ ಹಾಳೆಯ ಹಿಂಬದಿಯ ತಗಡು. ಮಡಚಿಟ್ಟ ಟಾರ್ಪಾಲು ನೀರು ಬೆರೆಸಿದ ಗೋಂದಿನಲ್ಲಿ ನೆನೆಸಿದ ತೆಳು ಕಾಗದ. ಆಂಟೆನಾ ಮಾಡಿದ ಬಗೆಯಂತೂ ಸೋಜಿಗ. ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು, ಮೆದುವಾದೊಡನೆ ಎರಡು ಕೈಗಳಿಂದ ಮೆಲ್ಲನೆ ಎಳೆದರೆ ಕೂದಲಿನಷ್ಟು ಸಣ್ಣಗಾಗುತ್ತದೆಯಂತೆ. ಹಿಂಬದಿಗೆ ಒಂದು ಮರದ ದಿಮ್ಮಿ ಕಟ್ಟಿದೆ. ಟ್ಯಾಂಕು ಕೆಸರಿನಲ್ಲಿ ಹೂತರೆ ಪಟ್ಟಿಯ ಕೆಳಗೆ ಕೊಟ್ಟು ಮೇಲೇಳಲೆಂದು ಇಡುವ ದಿಮ್ಮಿ ಅದು. ಅದಕ್ಕೆ ಅವನು ಬಳಸಿದ್ದು ತಮ್ಮ ಹಿತ್ತಲಿನ ಗಿಡದ ಒಣಗಿದ ಕಡ್ಡಿ. ಪೌರವನ ರಥಗಳಿಗೆ ಇಲ್ಲದಿದ್ದ ಉಪಾಯ ಇದು ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ.

ಮೊದಲನೆಯ ಮತ್ತು ಎರಡನೆಯ ಚಕ್ರಗಳ ನಡುವೆ ಮಾತ್ರ ಅಂತರ ಹೆಚ್ಚಿತ್ತು. "ಇಲ್ಲಿ ತಪ್ಪಿದೆಯಲ್ಲ?" ಎಂದೆ. ಮೇಷ್ಟರ ಬುದ್ಧಿ ಎಲ್ಲಿ ಹೋದೀತು? "ಇಲ್ಲ ಸಾರ್, ಟಿ-55ರ ಗುರುತೇ ಅದು. ಒಂದು ಬದಿಗೆ ಐದು ಚಕ್ರ, ಮೊದಲೆರಡರ ನಡುವೆ ಹೆಚ್ಚಿನ ತೆರಪು" ಎಂದು ನಕ್ಕ. ಮತ್ತೊಮ್ಮೆ ನನ್ನ ತಪ್ಪು.

ಕಡೆಗೆ ನಾನು ಗೋಪುರದ ಮೇಲಿನ ಮುಚ್ಚಳವನ್ನು ತೋರಿಸಿ, "ಇದನ್ನು ತೆರೆದಿಟ್ಟು ಒಳಗಿನ ಆಸನ, ಯಂತ್ರ ಎಲ್ಲವನ್ನೂ ಮಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತಲ್ಲವೇ?" ಎಂದು ಕೇಳಿದೆ.

"ನಾನು ಟ್ಯಾಂಕಿನ ಒಳಗೆ ನೋಡಿಲ್ಲ ಸಾರ್. ನೋಡದ್ದನ್ನು ಮಾಡುವುದು ಬೇಡವೆಂದು ಮುಚ್ಚಿದ್ದೇನೆ" ಎಂದ.

ನನಗೆ ಕೂಡಲೇ ಮಾತು ಹೊರಡಲಿಲ್ಲ. ನುಗ್ಗೇಹಳ್ಳಿಯ ಗುಡಿಯಲ್ಲಿ ಕೆಲಸ ಮಾಡಿದವರೂ ಇದನ್ನೇ ಮಾಡಿದ್ದರಲ್ಲವೇ? ಕಂಡ ಆನೆಯನ್ನೂ ಕಂಡ ಕುದುರೆಯನ್ನೂ ಕೂದಲೆಳೆ ಬಿಡದೆ ಸಾಲಾಗಿ ನಿಲ್ಲಿಸಿದರು. ಕಾಣದ ರಥವನ್ನು ಆ ಸಾಲಿಗೆ ಸೇರಿಸಲಿಲ್ಲ. ಗುಡಿ ಕಟ್ಟಿಸಿದ ದಂಡನಾಯಕನೂ "ನನ್ನ ಸೈನ್ಯ ಚತುರಂಗ ಬಲ, ರಥವನ್ನೂ ಹಾಕಿ" ಎಂದು ಒತ್ತಾಯಿಸಿದಂತೆ ತೋರುವುದಿಲ್ಲ. ಸಾಲಿನಲ್ಲಿ ಇಲ್ಲದ್ದನ್ನು ಇದೆಯೆಂದು ಹೇಳಿದವನು ನಾನು, ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತವನು.

ಸೂಕ್ಷ್ಮ ವಿವರಗಳನ್ನು ಮಾಡುವವರನ್ನು ಕಂಡು ಹಲವರು ಇಷ್ಟೊಂದು ಶ್ರಮ ಏಕೆ, ಯಾರು ನೋಡುತ್ತಾರೆ ಎಂದು ಕೇಳುವುದುಂಟು. ನಾನೂ ಕೇಳಿದವನೇ. ಈಗ ನನಗೆ ತೋರುವ ಉತ್ತರವಿದು. ಒಂದು ಹಿಡಿಕೆಯನ್ನು ಸರಿಯಾಗಿ ಮಾಡಬೇಕಾದರೆ ಅದು ಎಲ್ಲಿ ಅಂಟಿಕೊಂಡಿದೆ, ಯಾರ ಕೈಗೆ, ಯಾವ ಕೆಲಸಕ್ಕೆ ಎಂದು ಮೊದಲು ತಿಳಿದುಕೊಳ್ಳಬೇಕು. ತಿಳಿಯದೆ ಹೋದರೆ ಕೈ ತಾನಾಗಿ ನಿಲ್ಲುತ್ತದೆ. ಮಾತಿನಲ್ಲಾದರೆ ಹಾಗಲ್ಲ, ತಿಳಿಯದ ಕಡೆಯಲ್ಲಿಯೂ ನಾಲಗೆ ಹರಿದುಹೋಗುತ್ತದೆ. ಮೂವತ್ತೈದು ವರ್ಷ ಪಾಠ ಹೇಳಿದವನ ಅನುಭವದ ಮಾತಿದು.

ಅವನು ಹೊರಡುವಾಗ ನಾನು ಆ ಕಿರುಪರೀಕ್ಷೆಯ ವಿಷಯ ಎತ್ತಿ, ಅಂದು ನೀನು ಬರೆದದ್ದೇ ಸರಿ, ಎಲ್ಲರ ಎದುರು ಗದರಿಸಿದ್ದು ನನ್ನ ತಪ್ಪು ಎಂದೆ. ಅವನಿಗೆ ಸಂಕೋಚವಾಯಿತು. ಡಬ್ಬದೊಳಗೆ ಹತ್ತಿ ತುಂಬುತ್ತ, "ಹಾಗಾದರೆ ಒಂದು ಅಂಕ ಬಾಕಿ ಇದೆ ಸಾರ್" ಎಂದ.

ನುಗ್ಗೇಹಳ್ಳಿಯ ಕಡೆಗೆ ಹೋಗುವ ಓದುಗರಲ್ಲಿ ನನ್ನದೊಂದು ಕೋರಿಕೆ. ಗುಡಿಯ ಮೇಲ್ಭಾಗದ ದೇವರುಗಳನ್ನು ನೋಡಿ ಮುಗಿಸಿದ ಮೇಲೆ ಒಮ್ಮೆ ಕುಳಿತು ಕೆಳಗಿನ ಎರಡು ಸಾಲುಗಳನ್ನು ನೋಡಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೆ ಏನನ್ನೂ ಹೇಳಬೇಡಿ. ಅವರು ಏನು ಕೇಳುತ್ತಾರೋ ಮೊದಲು ಕೇಳಿಸಿಕೊಳ್ಳಿ.